ಕರೆದವರಿಗೆ ಓ ಎನ್ನುವ ಯಂತ್ರ

ನಮ್ಮ ಮನೆಯ ಕಂಪ್ಯೂಟರಿಗೆ ಸೆರಗು ಹೊದೆಯುವ ಅಭ್ಯಾಸವಿತ್ತು. ಹೊದಿಸಿದವಳು ಅವ್ವ. ಇಳಕಲ್ಲಿನಂಥ ಊರಿನಲ್ಲಿ ಗಾಳಿಗೂ ನೂಲಿನ ಎಳೆ ಅಂಟಿಕೊಂಡಿರುತ್ತದೆ, ಅದು ಯಂತ್ರದ ಹೊಟ್ಟೆಗೆ ಹೋಗಬಾರದು ಎಂಬುದು ಅವಳು ಕೊಡುತ್ತಿದ್ದ ಕಾರಣ. ಹೊಸದಾಗಿ ಮನೆ ಸೇರಿದ ಯಾವುದನ್ನೂ ಬರಿಮೈಯಲ್ಲಿ ಕೂರಿಸಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ ಎಂಬುದು ನನ್ನ ಊಹೆ. ಟಿ.ವಿ.ಗೆ ಕಸೂತಿಯ ಹೊದಿಕೆ, ಮಿಕ್ಸರಿಗೆ ಹೂಬಟ್ಟೆಯ ಕುಲಾವಿ ಹೊಲಿದಿದ್ದ ಆ ಕೈ, ಕಂಪ್ಯೂಟರಿನ ಸರದಿ ಬಂದಾಗ ಟ್ರಂಕಿನ ತಳದಿಂದ ತನ್ನದೇ ಹಳೆಯ ಸೀರೆಯೊಂದನ್ನು ಎತ್ತಿಕೊಂಡಿತು. ಒಡಲು ಕಡುನೀಲಿ, ಸೆರಗು ಕೆಂಪು, ಸೆರಗಿನ ಮೇಲೆ ಟೋಪತೆನಿಯೆಂಬ ಬಿಳಿಯ ಚಿತ್ತಾರ. ಎರಡೂ ಸ್ವಲ್ಪ ಸ್ವಲ್ಪ ಬರುವಂತೆ ಕತ್ತರಿ ಆಡಿಸಿದ್ದರಿಂದ ಹೊದಿಕೆಯ ನಟ್ಟನಡುವೆ, ನೀಲಿ ಮುಗಿದು ಕೆಂಪು ಹುಟ್ಟುವ ಗೆರೆ ಬಂದು ಕೂತಿತ್ತು.

ಆ ಗೆರೆಯ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ನೇಯುವುದಕ್ಕೆ ಮೊದಲು ಒಂದರ ಎಳೆಯ ಕುಣಿಕೆಯೊಳಗೆ ಇನ್ನೊಂದರ ಎಳೆಯ ಕುಣಿಕೆಯನ್ನು ಸಿಕ್ಕಿಸುತ್ತ, ಸೀರೆಯ ಅಗಲದುದ್ದಕ್ಕೂ ಒಂದೊಂದೇ ಎಳೆಯನ್ನು ಜೋಡಿಸಿಕೊಂಡು ಹೋಗುತ್ತಾರೆ. ಇದಕ್ಕೆ ಕೊಂಡಿ ಎಂದು ಹೆಸರು. ಗಂಟು ಹಾಕುವುದಿಲ್ಲ, ಸೂಜಿ ಮುಟ್ಟಿಸುವುದಿಲ್ಲ; ಇವಳು ಅವಳನ್ನು ಹಿಡಿದಿದ್ದಾಳೆ, ಅವಳು ಇವಳನ್ನು ಹಿಡಿದಿದ್ದಾಳೆ, ಅಷ್ಟೇ. ಮಗ್ಗದ ಸದ್ದು ಕೇಳುತ್ತಲೇ ಬೆಳೆದವಳಾದರೂ ಆ ಗೆರೆಯನ್ನು ನಾನು ಬಹುಕಾಲ ಬರಿಯ ಬಣ್ಣದ ಗಡಿಯೆಂದೇ ನೋಡಿದ್ದೆ.

ನಾನು ಮಾಡುತ್ತಿದ್ದ ಕೆಲಸ ಇಂಥದು ಎಂದು ಆಗ ನಮ್ಮ ಓಣಿಯಲ್ಲಿ ಯಾರಿಗೂ ನಿಖರವಾಗಿ ಗೊತ್ತಿರಲಿಲ್ಲ. ವ್ಯಾಪಾರದವರಿಗೆ ಬೇಕಾದ ತಂತ್ರಾಂಶವನ್ನು ಯೋಜಿಸಿ ಬರೆದುಕೊಡುತ್ತೇನೆ ಎಂದರೆ, ಎದುರುಮನೆಯ ಅತ್ತೆ ಕನ್ನಡಕದ ಮೇಲಿಂದ ನೋಡಿ, “ಅಂದ್ರ ಟೈಪಿಂಗ್ ಏನವಾ?” ಎನ್ನುತ್ತಿದ್ದರು. ಅವ್ವನಿಗೆ ಸಿಟ್ಟು ಬರುತ್ತಿತ್ತು. “ಬಾಗಲಕೋಟಿ ತನಕಾ ಹೋಗಿ ಎಂ.ಸಿ.ಎ. ಓದಿ ಬಂದಾಕಿ ಟೈಪ್ ಹೊಡೀತಾಳನ್ರಿ?” ನಾನು ಯಾರನ್ನೂ ತಿದ್ದಲಿಲ್ಲ. ಹೇಳಿ ತಿಳಿಸುವುದಕ್ಕಿಂತ ಮಾಡಿ ತೋರಿಸುವುದು ನನ್ನ ಸ್ವಭಾವಕ್ಕೆ ಹಗುರ. ಹೊರಕೋಣೆಯಲ್ಲಿ ಒಂದು ಮೇಜು, ಸೆರಗು ಹೊದ್ದ ಕಂಪ್ಯೂಟರು, ಗೋಡೆಗೆ ಮುಖ ಮಾಡಿ ಅಲಮಾರಿಯ ಹಿಂದೆ ನಿಂತ ಒಂದು ಬೋರ್ಡು. ಬೋರ್ಡನ್ನು ಬಣ್ಣದವನಿಂದ ಬರೆಸಿ ತಂದಿದ್ದೆ, ಆದರೆ ಮೊದಲ ಕೆಲಸ ಗಟ್ಟಿಯಾಗಿ ನಿಲ್ಲುವವರೆಗೆ ಬಾಗಿಲಿಗೆ ಹಾಕಬಾರದೆಂದು ನನಗೆ ನಾನೇ ಷರತ್ತು ಹಾಕಿಕೊಂಡಿದ್ದೆ.

ಯೋಜನೆ ಎಂಬ ಪದದ ಮೇಲೆ ನನಗೆ ಗೌರವವೂ ಸಂಶಯವೂ ಒಟ್ಟಿಗೆ ಹುಟ್ಟಿದ್ದು ಬಾಗಲಕೋಟೆಯಲ್ಲಿ. ಓದುವಾಗ ನಾನಿದ್ದದ್ದು ನವನಗರದ ಚಿಕ್ಕಮ್ಮನ ಮನೆಯಲ್ಲಿ. ಹಳೆಯ ಊರಿನ ತಗ್ಗಿಗೆ ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ಕಾಗದದ ಮೇಲೆ ಗೆರೆ ಎಳೆದು ಕಟ್ಟಿದ ಊರು ಅದು. ರಸ್ತೆಗಳು ನೇರ, ಬಡಾವಣೆಗಳಿಗೆ ಹೆಸರಿನ ಬದಲು ಸೆಕ್ಟರ್ ಸಂಖ್ಯೆ. ಚಿಕ್ಕಮ್ಮ ಮಾತ್ರ ತರಕಾರಿಯವಳಿಗೆ ಮನೆಯ ಗುರುತು ಹೇಳುವಾಗ, ನೀರಿನಡಿ ಹೋದ ಓಣಿಯಲ್ಲಿ ತನ್ನ ನೆರೆಯವರಾಗಿದ್ದವರ ಹೆಸರು ಹಿಡಿದು, “ಅವರ ಮನಿ ಹಿಂದ” ಎನ್ನುತ್ತಿದ್ದಳು. ತರಕಾರಿಯವಳು ಸರಿಯಾಗಿ ಬರುತ್ತಿದ್ದಳು. ಗೆರೆ ಎಳೆದವರದು ತಪ್ಪಲ್ಲ. ನೇರ ರಸ್ತೆಯಿಂದ ಚಿಕ್ಕಮ್ಮನಿಗೆ ಸುಖವೇ ಆಗಿತ್ತು. ಆದರೆ ಜನ ಒಂದು ಹೊಸ ಜಾಗಕ್ಕೆ ಬರುವಾಗ ತಮ್ಮ ರೂಢಿಗಳನ್ನೂ ಗಂಟುಕಟ್ಟಿ ತರುತ್ತಾರೆ, ಅವುಗಳಿಗೊಂದು ಗೂಡು ಇಟ್ಟಿರಬೇಕು ಎಂಬುದನ್ನು ನಾನು ತರಗತಿಯ ಆಚೆ, ಚಿಕ್ಕಮ್ಮನ ಮನೆಯ ಕಟ್ಟೆಯ ಮೇಲೆ ಕಲಿತೆ.

ಮೊದಲ ಕೆಲಸ ಸಿಕ್ಕಿದ್ದು ನಮ್ಮೂರಿನ ಸೀರೆ ವ್ಯಾಪಾರಿ ಗುರುಬಸಪ್ಪ ಸಾಹುಕಾರರಿಂದ. ಅವರ ಅಂಗಡಿ ಇಳಕಲ್ಲಿನಲ್ಲಿ. ತಮ್ಮ ಮಹಾಂತೇಶ ನೋಡಿಕೊಳ್ಳುವ ಇನ್ನೊಂದು ಅಂಗಡಿ ಬಾದಾಮಿಯಲ್ಲಿ, ಬಸ್‌ಸ್ಟ್ಯಾಂಡಿನ ಹತ್ತಿರ. ಅವರಿಗೆ ಸೀರೆ ನೇಯ್ದುಕೊಡುವ ಮನೆಗಳು ಇಳಕಲ್ಲಿನಲ್ಲೂ ಹುನಗುಂದದ ಸುತ್ತಲ ಹಳ್ಳಿಗಳಲ್ಲೂ ಚದುರಿದ್ದವು. ತೊಂದರೆ ಸರಳವಾಗಿತ್ತು. ಬಾದಾಮಿಯಲ್ಲಿ ತಮ್ಮ ಒಪ್ಪಿಕೊಂಡ ಸೀರೆಯನ್ನೇ ಇಳಕಲ್ಲಿನಲ್ಲಿ ಅಣ್ಣ ಬೇರೆಯವರಿಗೆ ಮಡಚಿ ಕೊಟ್ಟಿರುತ್ತಿದ್ದರು. ಇನ್ನೊಮ್ಮೆ ಇಬ್ಬರೂ ಇಲ್ಲವೆಂದು ಕೈಚೆಲ್ಲಿದ ಸೀರೆ ಯಾವುದೋ ಹಳ್ಳಿಯ ಮನೆಯಲ್ಲಿ ಮಗ್ಗದಿಂದಿಳಿದು, ಮಡಿಕೆ ಬಿಚ್ಚದೆ ಕುಳಿತಿರುತ್ತಿತ್ತು. ಪಂಚಮಿ ಹಬ್ಬದ ಹೊತ್ತಿಗೆ, ತವರಿಗೆ ಬರುವ ಹೆಣ್ಣುಮಕ್ಕಳಿಗಾಗಿ ಸೀರೆ ಕೊಳ್ಳುವ ಭರದಲ್ಲಿ, ಈ ಗೊಂದಲ ಅಣ್ಣತಮ್ಮಂದಿರ ಮಾತನ್ನೇ ನಿಲ್ಲಿಸುವಷ್ಟು ಬೆಳೆಯುತ್ತಿತ್ತು.

“ಪಂಚಮಿ ತನಕಾ ನೋಡ್ತೇನಿ ತಂಗಿ,” ಎಂದರು ಸಾಹುಕಾರರು. “ಹುಬ್ಬಳ್ಳ್ಯಾಗ ಒಬ್ಬಾಂವ ಎಲ್ಲಾ ರೆಡಿ ಇಟಗೊಂಡು ಕುಂತಾನ. ನಮ್ಮೂರ ಹುಡುಗಿ ಅಂತ ನಿನಗ ಮೊದಲ ಕೊಟ್ಟೇನಿ. ಆಗಲಿಲ್ಲಂದ್ರ ಸಿಟ್ಟಾಗಬಾರದು.”

ನಾನು ತಲೆಯಾಡಿಸಿದೆ. ಇದು ಕೈತಪ್ಪಿದರೆ ಊರಿನ ಉಳಿದ ಯಾವ ಅಂಗಡಿಯೂ ನನ್ನನ್ನು ಕರೆಯುವುದಿಲ್ಲ, ಬೋರ್ಡು ಗೋಡೆಯನ್ನೇ ನೋಡುತ್ತ ಉಳಿಯುತ್ತದೆ ಎಂದು ಅವರಿಗೆ ಹೇಳುವ ಅಗತ್ಯವಿರಲಿಲ್ಲ.

ನನ್ನ ಯೋಜನೆಯಲ್ಲಿ ಮೂರು ಬಗೆಯ ಬಳಕೆದಾರರಿದ್ದರು. ಇಳಕಲ್ಲಿನ ಗಾದಿಯ ಪಕ್ಕದಲ್ಲಿ ಕುಳಿತು ಕಂಪ್ಯೂಟರ್ ನೋಡುವವರು ಒಬ್ಬರು. ಅವರಿಗೆ ದೊಡ್ಡ ಅಕ್ಷರ, ಕಡಿಮೆ ಗುಂಡಿ, ಗಿರಾಕಿಯ ಜೊತೆ ಮಾತಾಡುತ್ತಲೇ ಒಂದು ಬೆರಳಿನಲ್ಲಿ ಮುಗಿಯುವ ಕೆಲಸ ಬೇಕು. ಬಾದಾಮಿಯಲ್ಲಿ ಅಂಗಡಿಯ ಪಕ್ಕದ ಇಂಟರ್‌ನೆಟ್ ಸೆಂಟರಿನಿಂದ ಜಾಲತಾಣದ ಪುಟ ತೆರೆಯುವ ಮಹಾಂತೇಶ ಇನ್ನೊಬ್ಬರು. ಅಲ್ಲಿ ಪುಟ ಇಳಿಯುವುದು ನಿಧಾನ, ಕನ್ನಡ ಅಕ್ಷರಗಳು ಖಾಲಿ ಚೌಕಗಳಾಗಿ ಒಡೆಯುತ್ತಿದ್ದವು. ಹಾಗಾಗಿ ಅಕ್ಷರಗಳನ್ನು ಬಿಟ್ಟು ಬಣ್ಣಗಳನ್ನೇ ಇಟ್ಟೆ: ದಾಳಿಂಬೆ, ನವಿಲು, ಗಿಳಿಹಸಿರು ಎಂದು ಒಂದೊಂದು ಪುಟ್ಟ ಚೌಕ, ಪಕ್ಕದಲ್ಲಿ ಕೈಗೆ ಸಿಗುವ ಸೀರೆಗಳ ಸಂಖ್ಯೆ. ಬಿಡಿಸಿದ್ದು ನಾನೇ ಆದರೂ ನೋಡಲು ಹಿತವಾಗಿತ್ತು. ಮೂರನೆಯವರು ನೇಯುವವರು. ಅವರ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಪುಟ್ಟ ಮೊಬೈಲು. ಸೀರೆ ಮಗ್ಗದಿಂದಿಳಿದ ಕೂಡಲೆ ಅವರೊಂದು ಸಂದೇಶ ಕಳಿಸಿದರೆ ಸಾಕು, ಇಳಕಲ್ಲಿನ ಪರದೆಯಲ್ಲೂ ಬಾದಾಮಿಯ ಪುಟದಲ್ಲೂ ಆ ಬಣ್ಣದ ಸಂಖ್ಯೆ ಏರಬೇಕು. ಮೊದಲ ಇಬ್ಬರ ಪಾಲು ಸಲೀಸಾಗಿ ನಡೆಯಿತು. ಮೂರನೆಯದು ಹುನಗುಂದದ ಹತ್ತಿರದ ಹಳ್ಳಿಯಲ್ಲಿ, ಶಾಂತವ್ವ ಎಂಬ ನೇಕಾರ್ತಿಯ ಮಗ್ಗದ ಮುಂದೆ ಮುಗ್ಗರಿಸಿತು.

ಸಂದೇಶ ಬರೆಯುವ ಬಗೆಯನ್ನು ನಾನು ವಿವರಿಸುತ್ತಿದ್ದಷ್ಟು ಹೊತ್ತೂ ಶಾಂತವ್ವನ ಲಾಳಿ ನಿಲ್ಲಲಿಲ್ಲ. ಕೊನೆಗೆ ಅವಳು ನಕ್ಕು ಕೇಳಿದಳು: “ಅಕ್ಕಾರ, ನಾ ಮೆಸೇಜ್ ಒತ್ತಕೋತ ಕುಂತ್ರ ಮಗ್ಗಾ ನೀವ ಹೊಡೀತೀರೇನ್ರಿ?”

ಅಷ್ಟರಲ್ಲಿ ಮಗ್ಗದ ಕಂಬಕ್ಕೆ ಚೀಲದಲ್ಲಿ ತೂಗುಹಾಕಿದ್ದ ಅವಳ ಮೊಬೈಲು ಒಂದು ಸಲ ಬಡಿದು ಸುಮ್ಮನಾಯಿತು. ಅವಳು ಅದರ ಕಡೆ ನೋಡಲೂ ಇಲ್ಲ. ಒಳಗಿದ್ದ ಮಗಳಿಗೆ, “ಹಂಚ ಇಡವಾ, ಮಾಮಾ ಬಸ್ ಹತ್ತ್ಯಾನ,” ಎಂದು ಕೂಗಿದಳು. ಹುನಗುಂದದಲ್ಲಿ ಕೆಲಸ ಮಾಡುವ ಅವಳ ತಮ್ಮ ಬಸ್ ಹತ್ತಿದೊಡನೆ ಮಿಸ್‌ಕಾಲ್ ಕೊಡುತ್ತಾನೆ. ಅವನು ಇಳಿದು ಬರುವಷ್ಟರಲ್ಲಿ ಬಿಸಿ ರೊಟ್ಟಿ ತಯಾರಿರುತ್ತದೆ. ಮಾತಿಲ್ಲ, ಖರ್ಚಿಲ್ಲ, ಅಕ್ಷರವಿಲ್ಲ. ಆ ವರ್ಷಗಳಲ್ಲಿ ನಮ್ಮ ಸೀಮೆಯ ಅರ್ಧ ಸಂಸಾರ ಹೀಗೆ, ಎತ್ತದ ಕರೆಗಳ ಮೇಲೆಯೇ ನಡೆಯುತ್ತಿತ್ತು. ನೀವೂ ಕೊಟ್ಟಿರುತ್ತೀರಿ. ನಾನೂ ಅಪ್ಪನಿಗೆ ಕೊಡುತ್ತಿದ್ದೆ. ಆದರೂ ನನ್ನ ಯೋಜನೆಯ ಕಾಗದದಲ್ಲಿ ಅದಕ್ಕೆ ಜಾಗವಿರಲಿಲ್ಲ, ಏಕೆಂದರೆ ಅದು ನಮಗೆ ತಂತ್ರಜ್ಞಾನವೆಂದು ಎಂದೂ ಅನ್ನಿಸಿರಲೇ ಇಲ್ಲ.

ಆ ಸಂಜೆ ಬಸ್ಸಿನಲ್ಲಿ ಇಳಕಲ್ಲಿಗೆ ಮರಳುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಯಾವ ಮನೆಯ ಮಗ್ಗದ ಮೇಲೆ ಯಾವ ಬಣ್ಣದ ಸೀರೆ ಇದೆಯೆಂದು ಅಂಗಡಿಯ ಕಂಪ್ಯೂಟರಿಗೆ ಮೊದಲೇ ಗೊತ್ತು. ಆ ಮನೆಯ ಮೊಬೈಲಿನಿಂದ ಒಂದು ಮಿಸ್‌ಕಾಲ್ ಬಂತೆಂದರೆ ಸೀರೆ ಇಳಿಯಿತೆಂದೇ ಅರ್ಥ. ಬೇರೆ ಏನನ್ನೂ ಯಾರೂ ಹೇಳಬೇಕಿಲ್ಲ. ಮೂರನೆಯ ಬಳಕೆದಾರರಿಗಾಗಿ ನಾನು ಬರೆಯಬೇಕಾದ ಪರದೆಯೇ ಇರಲಿಲ್ಲ! ಅಂಗಡಿಗೊಂದು ಮೊಬೈಲು ತರಿಸಿ, ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಬಂದ ಕರೆಯ ಸಂಖ್ಯೆಯನ್ನು ಅದು ತಾನೇ ಓದಿಕೊಳ್ಳುವಂತೆ ಬರೆದೆ.

ಎಲ್ಲವನ್ನೂ ಲೆಕ್ಕ ಹಾಕಿದ್ದ ನಾನು ನೀಲವ್ವನವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವರು ಸಾಹುಕಾರರ ತಾಯಿ. ಹಣೆಯ ತುಂಬ ವಿಭೂತಿ, ಗಾದಿಯ ತುದಿಯಲ್ಲಿ ಗೋಡೆಗೊರಗಿ ಕೂತರೆ ಅಂಗಡಿಗೆ ಬಂದ ಯಾರೂ ಅವರನ್ನು ಮಾತಾಡಿಸದೆ ಒಳಗೆ ಹೋಗುವಂತಿಲ್ಲ. ಮೊಬೈಲು ಇಟ್ಟದ್ದು ಅವರ ಕೈಗೆಟುಕುವಲ್ಲಿ. ಮೊದಲ ದಿನ ಮೊದಲ ಕರೆ ಶಾಂತವ್ವನದು. ನಾನು ಪರದೆಯ ಕಡೆ ನೋಡುತ್ತಿದ್ದಂತೆ ನೀಲವ್ವ ಅದನ್ನು ಎತ್ತಿ ಕಿವಿಗಿಟ್ಟುಕೊಂಡರು.

“ಹಲೋ! ಯಾರವಾ? ಶಾಂತವ್ವನಾ? ಆರಾಮದೀ?”

ಆ ಕಡೆಯಿಂದ ಶಾಂತವ್ವ ಕಿರುಚಿದ್ದು ನನಗೂ ಕೇಳಿಸಿತು. “ಎತ್ತಬ್ಯಾಡ್ರಿ ಅಮ್ಮಾರ, ಎತ್ತಬ್ಯಾಡ್ರಿ! ರೊಕ್ಕಾ ಹೋಗ್ತಾವ!”

“ರೊಕ್ಕಾ ಹೋದ್ರ ಹೋಗ್ಲಿ, ಊಟಾ ಆತಿಲ್ಲೋ ಹೇಳು!”

ಹೇಳಿ ನೋಡಿದೆವು. ಸಾಹುಕಾರರೂ ಹೇಳಿದರು. ನೀಲವ್ವ ಜಗ್ಗಲಿಲ್ಲ. “ಬಾಗಲಿಗೆ ಬಂದು ಕರದವರಿಗೆ ಓ ಅನ್ನದ ಕುಂಡ್ರೂ ಮನಿತನ ಏನಪಾ ನಮ್ಮದು?” ಎಂದು ಮಗನನ್ನೇ ಕೇಳಿದರು. ಮಗ ತಮಾಷೆಗೆ, “ತುಳಸಿಗೇರಿ ಹನಮಪ್ಪನ ಗುಡಿಯಾಗ ಎಷ್ಟ ಮಂದಿ ಗಂಟಿ ಬಾರಸ್ತಾರ, ಅವ ಎದ್ದು ಬರ್ತಾನೇನಬೇ?” ಎಂದರು. “ಅವ ದೇವರು, ಸುಮ್ಮ ಕುಂತ್ರೂ ನಡೀತೈತಿ. ನಾವ ಅಂಗಡಿಯವರು!” ಎಂದರು ತಾಯಿ.

ಬೇರೆ ದಾರಿ ಕಾಣದೆ ಮೊಬೈಲಿನ ಸದ್ದನ್ನೇ ಮುಚ್ಚಿದೆ. ನೀಲವ್ವ ನನ್ನ ಕಡೆ ಬೆನ್ನು ತಿರುಗಿಸಿ ಕೂತರು. ಕೆಲಸ ಸುಸೂತ್ರವಾಯಿತೆಂದುಕೊಂಡೆ, ಆದದ್ದು ಬೇರೆ. ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುವ ಕಾಲ. ಬ್ಯಾಟರಿ ಸೋತು ಕಂಪ್ಯೂಟರು ಮಲಗಿದಾಗ ಬಂದ ಕರೆಗಳು ಯಾರ ಲೆಕ್ಕಕ್ಕೂ ಸೇರದೆ ಹೋದವು. ನೇಯುವವರು ತಾವು ಹೇಳಿಯಾಯಿತೆಂದು ಸೀರೆಯನ್ನು ಮಡಿಚಿಟ್ಟರು. ಅಂಗಡಿಯ ಪರದೆ ಅದು ಇನ್ನೂ ಮಗ್ಗದ ಮೇಲಿದೆಯೆಂದೇ ನಂಬಿಕೊಂಡಿತು. ಸೊಲ್ಲಾಪುರದಿಂದ ಬಂದ ದೊಡ್ಡ ಗಿರಾಕಿಯೊಬ್ಬರು ಬಾದಾಮಿಯಲ್ಲಿ ದಾಳಿಂಬೆ ಬಣ್ಣದ ಸೀರೆಗಳನ್ನು ಕೇಳಿದಾಗ ಮಹಾಂತೇಶ ನನ್ನ ಪುಟವನ್ನು ನೋಡಿ ಇಲ್ಲವೆಂದರು. ಅವತ್ತೇ ಇಳಕಲ್ಲಿನಲ್ಲಿ ಮನೆಮನೆಗಳಿಂದ ದಾಳಿಂಬೆ ಬಣ್ಣ ಗಂಟುಗಂಟಾಗಿ ಬಂದು ಬಿತ್ತು. ಫೋನಿನಲ್ಲಿ ತಮ್ಮ ಏನೆಂದರೋ ತಿಳಿಯದು. ಸಾಹುಕಾರರ ಮುಖ ಮಾತ್ರ ಕಂಡೆ.

“ಸೊಲ್ಲಾಪುರದವರು ಪಂಚಮಿಗಿಂತ ಮೊದಲ ಇನ್ನೊಮ್ಮೆ ಬರ್ತಾರ ತಂಗಿ,” ಎಂದರು. ಅದಕ್ಕಿಂತ ಹೆಚ್ಚು ಹೇಳದಷ್ಟು ಸೌಜನ್ಯ ಅವರದು.

ಶಾಂತವ್ವ ಸೀರೆ ಕೊಡಲು ಬಂದವಳು ನನ್ನನ್ನೇ ನಿಲ್ಲಿಸಿಕೊಂಡಳು. “ನಾ ಅಂತೂ ಕರದೇನಿ ಅಕ್ಕಾರ. ಮುಟ್ಟಿತಿಲ್ಲೋ ನನಗ ಹೆಂಗ ಗೊತ್ತಾಗಬೇಕ್ರಿ?”

ಮನೆಗೆ ಬಂದು ಕಂಪ್ಯೂಟರನ್ನು ಆರಿಸಿ ಅವ್ವನ ಹೊದಿಕೆಯನ್ನು ಎಳೆದೆ. ಎಳೆಯುವಾಗ ಹೆಬ್ಬೆರಳು ಆ ನಡುವಿನ ಗೆರೆಯ ಮೇಲೆ ಹಾಯಿತು. ಕಣ್ಣಿಗೆ ಕಾಣದ, ಬೆರಳಿಗೆ ಮಾತ್ರ ತಿಳಿಯುವ ಸಣ್ಣ ಉಬ್ಬು: ಕುಣಿಕೆಯೊಳಗೆ ಕುಣಿಕೆ. ಅಲ್ಲಿಯೇ ನಿಂತುಬಿಟ್ಟೆ. ನನ್ನ ಯೋಜನೆಯಲ್ಲಿ ಒಂದು ಕಡೆಯ ಕುಣಿಕೆಯಷ್ಟೇ ಇತ್ತು. ಹಳ್ಳಿಯಿಂದ ಎಳೆ ಬರುತ್ತಿತ್ತು. ಈ ಕಡೆಯಿಂದ ಅದರೊಳಗೆ ಹಾಯ್ದು ಹಿಡಿಯುವ ಎಳೆ ಇರಲಿಲ್ಲ. ಮರ್ಯಾದೆಯ ಮಾತೆಂದು ನೀಲವ್ವ ಕೇಳುತ್ತಿದ್ದದ್ದನ್ನೇ ಶಾಂತವ್ವ ಕೆಲಸದ ಮಾತಾಗಿ ಕೇಳಿದ್ದಳು. ಕರೆಂಟು ಕೂಡ, ತನಗೆ ತಿಳಿದ ರೀತಿಯಲ್ಲಿ, ಅದನ್ನೇ ಹೇಳಿತ್ತು. ಕರೆದವರಿಗೆ ಓ ಎನ್ನಬೇಕು.

ಹೊದಿಕೆಯನ್ನು ಮತ್ತೆ ತೆಗೆದೆ. ಬರೆಯಬೇಕಾದದ್ದು ಹೆಚ್ಚಿರಲಿಲ್ಲ. ಕರೆ ಬಂದೊಡನೆ ಯಂತ್ರ ಅದರ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಬೇಕು, ಕರೆಯನ್ನು ತುಂಡರಿಸಬೇಕು, ಆಮೇಲೆ ಅದೇ ಸಂಖ್ಯೆಗೆ ತಾನೊಂದು ಮಿಸ್‌ಕಾಲ್ ಕೊಡಬೇಕು. ಒಂದೇ ರಿಂಗು. ಅದು ಬಂದರೆ ಸುದ್ದಿ ಮುಟ್ಟಿದೆ. ಬರದಿದ್ದರೆ ಇಳಕಲ್ಲಿನಲ್ಲಿ ಕರೆಂಟಿಲ್ಲ, ಸ್ವಲ್ಪ ತಡೆದು ಮತ್ತೆ ಕರೆಯಿರಿ. ಇಷ್ಟನ್ನು ನೇಯುವವರಿಗೆ ವಿವರಿಸಲು ನಾನು ಹಳ್ಳಿಗಳಿಗೆ ಹೋದಾಗ ಯಾರೂ ಎರಡನೆಯ ಸಲ ಕೇಳಲಿಲ್ಲ.

ನೀಲವ್ವನವರ ಮುಂದೆ ಮೊಬೈಲಿನ ಸದ್ದನ್ನು ಮರಳಿ ತೆರೆದು, “ಅಮ್ಮಾರ, ಇನ್ನ ಇದ ಓ ಅಂತದ್ರಿ. ನೀವು ಎತ್ತೂದು ಬ್ಯಾಡ,” ಎಂದೆ.

“ಅದು ಓ ಅಂತದ?” ಅವರು ಇನ್ನೂ ಅರ್ಧ ಬೆನ್ನು ತೋರಿಸಿಕೊಂಡೇ ಇದ್ದರು. “ತೋರ್ಸು.”

ನನ್ನ ಮೊಬೈಲಿನಿಂದ ಕರೆದೆ. ಅಂಗಡಿಯದು ಬಡಿದು ಸುಮ್ಮನಾಯಿತು. ಎತ್ತಲು ಹೊರಟ ನೀಲವ್ವನವರ ಕೈ ನಡುದಾರಿಯಲ್ಲಿ ನಿಂತಿತು. ಅಷ್ಟರಲ್ಲಿ ನನ್ನ ಅಂಗೈಯಲ್ಲಿದ್ದದ್ದು ಒಂದು ಸಲ ಬಡಿಯಿತು. ಅವರು ಪೂರ್ತಿ ತಿರುಗಿ ಕೂತರು. “ಮತ್ತೊಮ್ಮೆ ಮಾಡು.” ಮಾಡಿದೆ. “ಇನ್ನೊಮ್ಮೆ.” ಅಂಗಡಿಗೆ ಬಂದ ಗಿರಾಕಿಗಳನ್ನೂ ಕೂರಿಸಿ ಮಾಡಿಸಿದರು. ಕೊನೆಗೆ ನಿಟ್ಟುಸಿರಿಟ್ಟು, “ಮರ್ಯಾದಿ ಕಲಿಸಿದಿ ಬಿಡು ಇದಕ್ಕ,” ಎಂದರು.

ಸೊಲ್ಲಾಪುರದವರು ಎರಡನೆಯ ಸಲ ಬಾದಾಮಿಗೆ ಬಂದ ದಿನ ಬೆಳಿಗ್ಗೆಯಿಂದಲೇ ನಾನು ಸಾಹುಕಾರರ ಅಂಗಡಿಯಲ್ಲಿದ್ದೆ. ಅವರು ಕೇಳಿದ್ದು ಮತ್ತೆ ದಾಳಿಂಬೆ, ಜೊತೆಗೆ ನವಿಲು. ಇರುವುದು ಸಾಲದು, ಮಗ್ಗಗಳ ಮೇಲಿರುವುದು ಸಂಜೆಯೊಳಗೆ ಇಳಿದರೆ ಸರಿ, ಇಲ್ಲದಿದ್ದರೆ ಬೇರೆಡೆ ನೋಡುತ್ತೇವೆ ಎಂದಿದ್ದರಂತೆ. ಮಧ್ಯಾಹ್ನ, ಬೇಡವೆಂದುಕೊಂಡಷ್ಟೂ ನಿಖರವಾಗಿ, ಕರೆಂಟು ಹೋಯಿತು. ಬ್ಯಾಟರಿ ತನ್ನ ಕೈಲಾದಷ್ಟು ಹೊತ್ತು ತಡೆದು ಕಣ್ಣು ಮುಚ್ಚಿತು. ಮೊಬೈಲಿಗೆ ತನ್ನದೇ ಜೀವವಿದ್ದುದರಿಂದ ಅದು ಬಡಿಯುತ್ತಿತ್ತು. ಕರೆದವರಿಗೆ ಉತ್ತರ ಕೊಡುವ ಯಂತ್ರ ಮಾತ್ರ ಮಲಗಿತ್ತು. ಶಾಂತವ್ವನ ಸಂಖ್ಯೆ ಮಿನುಗಿ ಆರಿತು. ಇನ್ನೊಂದು. ಮತ್ತೊಂದು. ನೀಲವ್ವನವರ ಕೈ ಮೊಬೈಲಿನ ಮೇಲೆಯೇ ಇತ್ತು. ಎತ್ತಿದ್ದರೆ ನಾನು ತಡೆಯುತ್ತಿರಲಿಲ್ಲ. ಅವರು ಎತ್ತಲಿಲ್ಲ. ತುಂಟ ಕೂಸನ್ನು ತೊಟ್ಟಿಲಲ್ಲಿ ಹಿಡಿದಂತೆ ಅದನ್ನು ಅಂಗೈಯಿಂದ ಒತ್ತಿ ಹಿಡಿದು, “ತಡೀರವಾ, ತಡೀರಿ, ಬರ್ತಾನ ಅವ, ಓ ಅಂತಾನ,” ಎಂದು ಕಾಣದವರಿಗೆ ಸಮಾಧಾನ ಹೇಳುತ್ತಿದ್ದರು.

ಕರೆಂಟು ಬಂತು. ಕಂಪ್ಯೂಟರು ತನ್ನ ಮಾಮೂಲಿ ಉದಾಸೀನದಲ್ಲಿ ಎದ್ದು ಕಣ್ಣು ತೆರೆಯಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಮೊಬೈಲು ಬಡಿಯಿತು: ಶಾಂತವ್ವ. ಯಂತ್ರ ಕರೆಯನ್ನು ತುಂಡರಿಸಿತು, ಗುರುತು ಹಾಕಿತು, ಮರಳಿ ಒಂದು ರಿಂಗು ಕೊಟ್ಟಿತು. ಪರದೆಯ ಮೇಲೆ ದಾಳಿಂಬೆಯ ಸಂಖ್ಯೆ ಏರಿತು. ಓ ಸಿಗದೆ ಕಾದು ಕುಳಿತವರೆಲ್ಲ ಒಬ್ಬರ ಹಿಂದೊಬ್ಬರು ಮತ್ತೆ ಕರೆದರು, ಪ್ರತಿಯೊಬ್ಬರಿಗೂ ಉತ್ತರ ಹೋಯಿತು, ಪ್ರತಿ ಉತ್ತರಕ್ಕೂ ನೀಲವ್ವ ಜೊತೆಗೂಡಿ ಗಟ್ಟಿಯಾಗಿ “ಓ” ಎಂದರು. ಬಾದಾಮಿಯಿಂದ ಮಹಾಂತೇಶರ ಫೋನು ಬಂದಾಗ ಸಾಹುಕಾರರು ಅದನ್ನು ನನಗೂ ಕೇಳುವಂತೆ ಹಿಡಿದರು. “ಅಣ್ಣಾ, ಪುಟಾ ನೋಡಕೋತ ಕುಂತೇವಿ ಇಬ್ರೂ. ಸೊಲ್ಲಾಪುರದವರ ಕಣ್ಣ ಮುಂದ ನಂಬರ್ ಏರಾಕ ಹತ್ಯಾವ! ಎಲ್ಲಾ ಹಿಡೀರಿ ಅಂದ್ರು, ಎಲ್ಲಾ!”

ಸಂಜೆಯ ಹೊತ್ತಿಗೆ ಮನೆಮನೆಯಿಂದ ಸೀರೆಗಳು ಬಂದವು. ಪರದೆಯಲ್ಲಿದ್ದಷ್ಟೇ; ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಸಾಹುಕಾರರು ನನ್ನೆದುರಿಗೇ ಹುಬ್ಬಳ್ಳಿಗೆ ಫೋನು ಹಚ್ಚಿ, “ಬ್ಯಾಡ್ರಿ, ನಮ್ಮದು ಆತು, ನಮ್ಮೂರಾಗ ಆತು,” ಎಂದರು. ನಾನು ಹೆಚ್ಚು ಮಾತಾಡುವವಳಲ್ಲ. ಅವತ್ತು ಬಜಾರದ ನಡುವೆ ಮನೆಗೆ ನಡೆದು ಬರುವಾಗ, ಓಣಿಯುದ್ದಕ್ಕೂ ಮಗ್ಗಗಳ ಸದ್ದು ನನ್ನ ಹೆಸರನ್ನೇ ಕೂಗುತ್ತಿದೆಯೆಂದು ನನಗೆ ಅನ್ನಿಸಿದ್ದನ್ನು ಮೊದಲ ಸಲ ನಿಮಗೆ ಹೇಳುತ್ತಿದ್ದೇನೆ. ನೀಲವ್ವ ಕಳಿಸಿದ ಅಮೀನಗಡದ ಕರದಂಟಿನ ಡಬ್ಬಿಯನ್ನು ಅವ್ವ ಎದುರುಮನೆಯ ಅತ್ತೆಗೆ ಮೊದಲು ಒಯ್ದು ಕೊಟ್ಟಳು. ಕೊಡುವಾಗ ಏನು ಹೇಳಿದಳೋ, ಅತ್ತೆ ಆಮೇಲೆ ಟೈಪಿಂಗಿನ ಮಾತೆತ್ತಲಿಲ್ಲ.

ಯೋಜನೆಯೆಂದರೆ ಮುಂದಾಗುವುದನ್ನು ಮೊದಲೇ ಬರೆದಿಡುವುದು ಎಂದು ನಾನು ನಂಬಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಮೇಜಿನ ಮುಂದೆ ಕೂತವರು, ದೂರದ ಊರಿನಲ್ಲಿ ಪುಟ ತೆರೆದವರು, ಮಗ್ಗದ ಕಂಬಕ್ಕೆ ಮೊಬೈಲು ತೂಗುಹಾಕಿದವರು ಒಬ್ಬರನ್ನೊಬ್ಬರು ನೋಡದೆಯೇ ಒಂದು ಸೀರೆಯ ಬಗ್ಗೆ ಒಂದೇ ಮಾತಾಡುವಂತಾದರೆ ಅದು ಯೋಜನೆ. ಒಡಲು ಒಡಲೇ, ಸೆರಗು ಸೆರಗೇ. ಬಣ್ಣ ಬೇರೆ, ನೂಲು ಬೇರೆ, ಒಂದನ್ನು ಇನ್ನೊಂದಾಗಿಸುವ ಹಟ ಯಾವ ನೇಕಾರನಿಗೂ ಇಲ್ಲ. ಕರೆದದ್ದು ಕೇಳಿಸಿದೆ ಎಂಬ ಭರವಸೆಯೊಂದನ್ನು ನಡುವೆ ಸಿಕ್ಕಿಸಿದರೆ, ಉಳಿದದ್ದನ್ನು ಜನ ತಾವೇ ನೇಯ್ದುಕೊಳ್ಳುತ್ತಾರೆ.

ಬೋರ್ಡನ್ನು ಪಂಚಮಿಯ ಮರುದಿನ ಅಪ್ಪ ಬಾಗಿಲಿಗೆ ಹೊಡೆದರು. ಬೇರೆ ಅಂಗಡಿಗಳಿಂದ ಕೆಲಸ ಬರತೊಡಗಿದ ಮೇಲೆ ನಮ್ಮ ಹೊರಕೋಣೆಯ ಕಂಪ್ಯೂಟರಿಗೂ ಒಂದು ಮೊಬೈಲು ಜೋಡಿಸಿದ್ದೇನೆ. ಆ ಅಂಗಡಿಗಳಿಗೆ ನೇಯುವವರ ಕರೆ ಎಲ್ಲೆಲ್ಲಿಂದಲೋ ಇಲ್ಲಿಗೇ ಬರುವುದರಿಂದ ಕಂಪ್ಯೂಟರನ್ನು ಆರಿಸುವಂತಿಲ್ಲ, ಮುಚ್ಚುವಂತೆಯೂ ಇಲ್ಲ. ಹೊದಿಕೆ ಮೂಲೆ ಸೇರಿತೆಂದು ಅವ್ವ ಮುನಿಸಿಕೊಂಡಿದ್ದಳು. ಅದನ್ನು ಹೊಲಿಗೆ ಬಿಚ್ಚಿ, ಇಸ್ತ್ರಿ ಮಾಡಿ, ನಾನು ಗೆರೆ ಎಳೆಯುವ ಮೇಜಿನ ಮೇಲೆ ಹಾಸಿದ್ದೇನೆ. ಮುಚ್ಚಲು ಇದ್ದದ್ದು ಈಗ ನನ್ನ ಎಲ್ಲ ಕಾಗದಗಳ ಕೆಳಗೆ ಬಿಚ್ಚಿಕೊಂಡು ಮಲಗಿದೆ. ಎಡಕ್ಕೆ ನೀಲಿ, ಬಲಕ್ಕೆ ಕೆಂಪು, ಕೈ ಆ ಕಡೆಯಿಂದ ಈ ಕಡೆಗೆ ಹೋಗುವಾಗಲೆಲ್ಲ ಮುಂಗೈಗೆ ಆ ಸಣ್ಣ ಉಬ್ಬು ತಾಗುತ್ತದೆ. ಇದನ್ನು ಬರೆಯುತ್ತಿರುವಾಗಲೂ ಮೊಬೈಲು ಬಡಿಯಿತು. ಎಲ್ಲಿಯೋ ಯಾರದೋ ಸೀರೆ ಮಗ್ಗದಿಂದಿಳಿದಿದೆ. ಯಂತ್ರ ತನ್ನ ಪಾಡಿಗೆ ಉತ್ತರ ಕೊಡುತ್ತದೆಂದು ಗೊತ್ತಿದ್ದೂ, ಪೆನ್ನು ಎತ್ತದೆಯೇ, ನಾನೂ ಗಟ್ಟಿಯಾಗಿ ಓ ಎಂದೆ.